ಇಂಜಿನ್ ಬೇಡ, ವೈರ್ ಬ್ರಷ್ ಸಾಕು: ಮಾಥೇರಾನ್ ರೈಲು ನೋಡಿಕೊಳ್ಳುವವರಿಗೆ ಒಂದು ಬಹಿರಂಗ ಪತ್ರ

ಮಧ್ಯ ರೈಲ್ವೆಯ ಮಾನ್ಯ ಅಧಿಕಾರಿಗಳಿಗೆ,

ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಇದು ದೂರಿನ ಪತ್ರ ಅಲ್ಲ. ರೈಲು ತಡ ಆಯಿತು ಅಂತಲೂ ಅಲ್ಲ, ಟಿಕೆಟ್ ಸಿಗಲಿಲ್ಲ ಅಂತಲೂ ಅಲ್ಲ. ಮುಂಬಯಿ ಹತ್ತಿರ ಗುಡ್ಡ ಹತ್ತುವ ನೇರಳ್–ಮಾಥೇರಾನ್ ಪುಟಾಣಿ ರೈಲಿನಲ್ಲಿ ನಮ್ಮಂಥವರಿಗೆ ಒಂದಿಷ್ಟು ಸಂಬಳವಿಲ್ಲದ ಕೆಲಸ ಕೊಡಿ ಅಂತ ಕೇಳುತ್ತಿದ್ದೇನೆ, ಅಷ್ಟೇ. ಇದರ ಮರಾಠಿ ಪ್ರತಿ ಅಂಚೆಯಲ್ಲಿ ನಿಮ್ಮ ಕಚೇರಿಗೆ ಬರುತ್ತದೆ. ಸೊಸೆ ಬರೆದುಕೊಡುತ್ತೇನೆ ಅಂದಿದ್ದಾಳೆ. ಕನ್ನಡದಲ್ಲಿ ಯಾಕೆ ಅಂದರೆ, ಮುಂಬಯಿಯ ನಮ್ಮ ಕನ್ನಡ ಸಂಘಗಳವರೂ ಓದಲಿ ಅಂತ. ಅವರಿಗೂ ಇದರಲ್ಲಿ ನಾಲ್ಕು ಮಾತಿದೆ. ಅಷ್ಟೇನೂ ಸಿಹಿ ಮಾತಲ್ಲ.

ನಾನು ಅಥಣಿ ಕಡೆಯವನು. ಮುಂಬಯಿ ಪಕ್ಕದ ಡೊಂಬಿವಲಿಗೆ ಬಂದು 38 ವರ್ಷವಾಯಿತು. ಬಟ್ಟೆಗೆ ಬಣ್ಣ ಹಾಕುವ ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ಅಟೆಂಡೆಂಟ್ ಆಗಿದ್ದೆ. ದಿನಾ ಗೇಜ್ ಗ್ಲಾಸಿನಲ್ಲಿ ನೀರಿನ ಮಟ್ಟ ನೋಡುವುದು, ಬ್ಲೋಡೌನ್ ಮಾಡಿ ತಳದ ಕೊಳೆ ನೀರು ಹೊರಗೆ ಬಿಡುವುದು, ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರ್ ಬರುವ ಮುಂಚೆ ಒಳಗೆ ನುಗ್ಗಿ ಕಿಟ್ಟ ಕೆರೆಯುವುದು, ಇದೇ ಬದುಕು. ಚಹಾ ಪಾತ್ರೆಯ ಉಗಿ ಬೇರೆ, ಒತ್ತಡದ ಉಗಿ ಬೇರೆ. ಒತ್ತಡದ ಉಗಿ ಸೋರಿದ ಜಾಗದಲ್ಲಿ ಕಣ್ಣಿಗೇ ಕಾಣುವುದಿಲ್ಲ. ಕೈ ಹೋಗುವವರೆಗೂ ಗೊತ್ತಾಗುವುದಿಲ್ಲ. ನನಗೆ ಕೆಲಸ ಕಲಿಸಿದ ಹಿರಿಯರು, ‘ಸೋರಿಕೆ ಹುಡುಕೋಕೆ ಕೈ ಚಾಚಬೇಡ, ಪೊರಕೆ ಚಾಚು’ ಅನ್ನುತ್ತಿದ್ದರು. ಪೊರಕೆಯ ಕಡ್ಡಿ ಕತ್ತರಿಸಿ ಬಿದ್ದರೆ ಅಲ್ಲಿದೆ ಅಂತ ಅರ್ಥ.

ಅಂದರೆ ಉಗಿ ಇಂಜಿನ್ ಕಂಡ ಕೂಡಲೇ ಕರಗಿಹೋಗುವ ಗಿರಾಕಿ ನಾನಲ್ಲ. ಆದರೂ ಕರಗಿದೆ. ಅದು ಹೇಗೆ ಅಂತ ಹೇಳಬೇಕು.

ಚಿಕ್ಕ ಹಳಿಯ ಮೇಲೆ ನನಗೆ ಮಮತೆ ಬಂದದ್ದು ಅಜ್ಜಿಯಿಂದ. ಅವಳು ಆಷಾಢ ಏಕಾದಶಿಗೆ ಪಂಢರಪುರಕ್ಕೆ ಹೋಗುತ್ತಿದ್ದದ್ದು ಮೀರಜ್‌ನಲ್ಲಿ ಬಾರ್ಶಿ ಲೈಟ್ ರೈಲು ಹತ್ತಿ. ಎರಡೂವರೆ ಅಡಿ ಅಗಲದ ಹಳಿ. 1897ರಲ್ಲಿ ಬಾರ್ಶಿಯಲ್ಲಿ ಶುರುವಾಗಿ, ಪಂಢರಪುರ ಮುಟ್ಟಿ, ಲಾತೂರ್ ಮುಟ್ಟಿ, 1927ರಲ್ಲಿ ಮೀರಜ್‌ಗೆ ಬಂತು. ಎವರಾರ್ಡ್ ಕ್ಯಾಲ್‌ಥ್ರಾಪ್ ಅಂತ ಒಬ್ಬ ಇಂಗ್ಲಿಷ್ ಇಂಜಿನಿಯರ್ ಕಟ್ಟಿಸಿದ್ದು. ಅಜ್ಜಿಗೆ ಕ್ಯಾಲ್‌ಥ್ರಾಪ್ ಗೊತ್ತಿರಲಿಲ್ಲ. ‘ವಿಠ್ಠಲನ ಗಾಡಿ’ ಅನ್ನುತ್ತಿದ್ದಳು. ಕನ್ನಡ, ಮರಾಠಿ ಎರಡೂ ಒಂದೇ ಬೋಗಿಯಲ್ಲಿ ಕೂತು ಒಂದೇ ಬುತ್ತಿ ಬಿಚ್ಚುತ್ತಿದ್ದವಂತೆ. ಈ ಶತಮಾನದ ಮೊದಲ ಹತ್ತು–ಹನ್ನೊಂದು ವರ್ಷದಲ್ಲಿ ಆ ಹಳಿಯೆಲ್ಲ ಅಗಲವಾಯಿತು. ಆಗಬೇಕಿತ್ತು, ಬೇಡ ಅನ್ನುವುದಿಲ್ಲ. ಲಾತೂರಿನ ಜನರಿಗೆ ಮುಂಬಯಿಗೆ ನೇರ ರೈಲು ಬೇಡವೇ? ಹಳೇ ವಸ್ತು ಅಂದ ಕೂಡಲೇ ಉಳಿಸಿ, ಉಳಿಸಿ ಅನ್ನುವವರ ಜೊತೆ ನನಗೆ ಸ್ವಲ್ಪ ತಕರಾರಿದೆ. ಜನ ಅದರ ಮೇಲೆ ಓಡಾಡಬೇಕು, ನಾವು ಅದರ ಫೋಟೋ ತೆಗೆಯಬೇಕು ಅಂದರೆ ಅದು ನ್ಯಾಯ ಅಲ್ಲ.

ಮಾಥೇರಾನ್ ರೈಲಿನ ಮಾತು ಬೇರೆ. ಅದನ್ನು ಅಗಲ ಮಾಡಲು ಆಗುವುದೇ ಇಲ್ಲ. ಎರಡಡಿ ಹಳಿ, ಸುಮಾರು 20 ಕಿಲೋಮೀಟರ್ ದಾರಿ, 700 ಮೀಟರಿಗೂ ಜಾಸ್ತಿ ಏರು. ಕೆಲವು ಕಡೆ 20 ಅಡಿ ಹೋದರೆ ಒಂದಡಿ ಏರಬೇಕು. ಸರ್ ಆದಮ್‌ಜಿ ಪೀರ್‌ಭಾಯ್ ಹಣ ಹಾಕಿದರು, ಮಗ ಅಬ್ದುಲ್ ಹುಸೇನ್ ನಿಂತು ಕಟ್ಟಿಸಿದರು. 16 ಲಕ್ಷ ರೂಪಾಯಿ ಖರ್ಚು. 1907ರಲ್ಲಿ ಓಡಿತು. ಸರ್ಕಾರದ್ದಲ್ಲ, ಒಂದು ಮನೆಯವರ ರೈಲು. ಆ ತಿರುವುಗಳಿಗೆ ಜರ್ಮನಿಯ ಓರೆನ್‌ಸ್ಟೀನ್ ಅಂಡ್ ಕೊಪೆಲ್ ಕಂಪನಿಯಿಂದ ಇಂಜಿನ್ ತರಿಸಿದರು. ಹಿಂದಿನ ಮುಂದಿನ ಅಚ್ಚುಗಳು ತಿರುವು ಬಂದಾಗ ತಾವೇ ಸ್ವಲ್ಪ ಪಕ್ಕಕ್ಕೆ ಹೊರಳಿಕೊಳ್ಳುವ ಹಾಗೆ ಮಾಡಿದ್ದವು. ಎತ್ತಿನ ಗಾಡಿ ಹೊಡೆದವರಿಗೆ ಅದರ ಬೆಲೆ ಗೊತ್ತು. 1980ರ ದಶಕದಲ್ಲಿ ಉಗಿ ನಿಂತಿತು. ಈಗ ಎಳೆಯುವ ಎನ್‌ಡಿಎಂ-6 ಡೀಸೆಲ್ ಇಂಜಿನ್ ನಮ್ಮ ಬೆಂಗಳೂರಿನ ಸ್ಯಾನ್ ಕಂಪನಿ ಮಾಡಿದ್ದು. ಇದನ್ನು ಡೊಂಬಿವಲಿ ಕಟ್ಟೆಯಲ್ಲಿ ಹೇಳಿದಾಗ ಎಲ್ಲರೂ ಒಂದಿಂಚು ಎತ್ತರವಾದರು.

ಈಗ ಕರಗಿದ ಕಥೆ. ಮಗಳು ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾಳೆ. ಅಲ್ಲಿಗೆ ಹೋಗಿದ್ದಾಗ, ಮನೆಯಲ್ಲಿ ಕೂತು ಬೇಜಾರಾಗಿದ್ದ ನನ್ನನ್ನು ವೇಲ್ಸ್‌ನ ಟವಿನ್ ಅನ್ನುವ ಕಡಲ ಊರಿಗೆ ಕರೆದುಕೊಂಡು ಹೋದಳು. ಅಲ್ಲಿ ಟಾಲಿಲಿನ್ ರೈಲು ಇದೆ. ಆ ಹೆಸರನ್ನು ಅಲ್ಲಿಯವರು ಹೇಳುವ ಹಾಗೆ ಹೇಳಲು ನನ್ನ ನಾಲಿಗೆಗೆ ಆಗಲಿಲ್ಲ, ಬಿಡಿ. ಸ್ಲೇಟು ಕಲ್ಲಿನ ಗಣಿಗಾಗಿ 1865ರಲ್ಲಿ ಹಾಕಿದ ಹಳಿ. ಗಣಿ 1946ರಲ್ಲಿ ಮುಚ್ಚಿತು. ಒಡೆಯ ಸರ್ ಹೇಡನ್ ಜೋನ್ಸ್, ನಾನಿರುವ ತನಕ ರೈಲು ಓಡುತ್ತದೆ ಅಂದಿದ್ದರು. 1950ರಲ್ಲಿ ತೀರಿಕೊಂಡರು. ಅಲ್ಲಿನ ಹೆಚ್ಚಿನ ರೈಲುಗಳು 1948ರಲ್ಲಿ ಸರ್ಕಾರದ ಕೈ ಸೇರಿದ್ದವು, ಇದು ಹೊರಗೇ ಉಳಿದಿತ್ತು. ಆಗ ಎಲ್.ಟಿ.ಸಿ. ರೋಲ್ಟ್ ಅನ್ನುವ ಲೇಖಕರು ಮತ್ತು ಗೆಳೆಯರು ಬರ್ಮಿಂಗ್‌ಹ್ಯಾಮ್‌ನಲ್ಲಿ ಸಭೆ ಸೇರಿ ಒಂದು ಸಂಘ ಮಾಡಿದರು. 1951ರ ಮೇ 14ರಂದು ಆ ಸಂಘದ ಮೊದಲ ರೈಲು ಹೊರಟಿತು. ಸ್ವಯಂಸೇವಕರು ಉಳಿಸಿ ಓಡಿಸಿದ ಜಗತ್ತಿನ ಮೊದಲ ರೈಲು ಅದು. ಆಗ ಹಳಿಗಳ ಸ್ಥಿತಿ ಹೇಗಿತ್ತು ಅಂದರೆ, ಹಲವು ಕಡೆ ಮರದ ದಿಮ್ಮಿ ಕೊಳೆತು, ಬೆಳೆದ ಹುಲ್ಲೇ ಹಳಿಗಳನ್ನು ಹಿಡಿದುಕೊಂಡಿತ್ತಂತೆ. ಓಡುವ ಸ್ಥಿತಿಯಲ್ಲಿ ಇದ್ದದ್ದು ಡೊಲ್ಗೋಕ್ ಅನ್ನುವ ಒಂದೇ ಇಂಜಿನ್, ಅದೂ 1866ರದ್ದು.

ನಾನು ಹೋದ ದಿನ ಮಳೆ. ಟಿಕೆಟ್ ನೋಡಿದವರು ನಿವೃತ್ತ ಹಲ್ಲಿನ ಡಾಕ್ಟರ್. ಇಂಜಿನ್ ಒರೆಸುತ್ತಿದ್ದವಳು ಕಾಲೇಜು ಹುಡುಗಿ. ಅವಳ ಮೇಲೆ ರೇಗುತ್ತಿದ್ದವರು ವಾರದ ದಿನಗಳಲ್ಲಿ ಮನೆಗಳಿಗೆ ವೈರಿಂಗ್ ಮಾಡುವವರು. ಆ ಹಲ್ಲಿನ ಡಾಕ್ಟರೂ ಅವರ ಮಾತು ಕೇಳಬೇಕಿತ್ತು! ಇದು ನನಗೆ ಬಹಳ ಹಿಡಿಸಿತು. ಅಲ್ಲಿ ಯಾರು ಎಷ್ಟು ಓದಿದ್ದಾರೆ ಅನ್ನುವುದಕ್ಕಿಂತ ಯಾರಿಗೆ ಏನು ಬರುತ್ತದೆ ಅನ್ನುವುದು ಮುಖ್ಯ. ಮೊದಲು ಒರೆಸುವುದು, ಆಮೇಲೆ ಕಲ್ಲಿದ್ದಲು ಹಾಕುವುದು, ಪರೀಕ್ಷೆ ಪಾಸಾದ ಮೇಲೆ ಓಡಿಸುವುದು. ಇದಕ್ಕೆ ವರ್ಷಗಳೇ ಹಿಡಿಯುತ್ತವೆ. ಹಣ ಕೊಟ್ಟು ಮೆಟ್ಟಿಲು ಹಾರುವ ಹಾಗಿಲ್ಲ.

ನಾನು ಗೇಜ್ ಗ್ಲಾಸ್ ಕಡೆ ಬೆರಳು ತೋರಿಸಿ ನನ್ನ ಹರಕು ಇಂಗ್ಲಿಷಿನಲ್ಲಿ, ‘ನೀರು ಸ್ವಲ್ಪ ಕಡಿಮೆ’ ಅಂದೆ. ಇಂಜಿನ್ನಿನಲ್ಲಿದ್ದವರು ತಿರುಗಿ ನೋಡಿ, ನಕ್ಕು, ಬಾಯ್ಲರಿಗೆ ನೀರು ನುಗ್ಗಿಸುವ ಇಂಜೆಕ್ಟರ್ ತೆರೆದರು. ಕಡಿಮೆ ಏನೂ ಆಗಿರಲಿಲ್ಲ, ನನಗೂ ಗೊತ್ತಿತ್ತು. ಆದರೆ ಆ ಒಂದು ನಿಮಿಷ ನಾನು ಟೂರಿಸ್ಟ್ ಆಗಿರಲಿಲ್ಲ. ನಿವೃತ್ತಿಯಾದ ಮೇಲೆ ಮೊದಲ ಸಲ ಯಾರೋ ನನ್ನನ್ನು ಕೆಲಸಗಾರ ಅಂತ ನೋಡಿದ್ದರು.

ಜನ ಇದಕ್ಕೆ ಯಾಕೆ ಬರುತ್ತಾರೆ ಅಂತ ಮಗಳು ಕೇಳಿದಳು. ಅವಳ ಕೆಲಸವೆಲ್ಲ ಕಂಪ್ಯೂಟರಿನಲ್ಲಿ. ಸಂಜೆ ನೋಡಿದರೆ ಕಣ್ಣಿಗೆ ಕಾಣುವಂಥದ್ದು ಏನೂ ಇರುವುದಿಲ್ಲ. ಹಿತ್ತಾಳೆ ಹಾಗಲ್ಲ. ಒರೆಸಿದರೆ ಹೊಳೆಯುತ್ತದೆ. ನನ್ನ ಉತ್ತರ ಅಷ್ಟೇ ಇತ್ತು.

ಆಸ್ಟ್ರೇಲಿಯಾದ ಮೆಲ್ಬರ್ನ್ ಹತ್ತಿರದ ಪಫಿಂಗ್ ಬಿಲ್ಲಿ ರೈಲನ್ನೂ ಹೇಳಬೇಕು, ಅದು ನಿಮಗೆ ಹತ್ತಿರದ ಕಥೆ. ಬಾರ್ಶಿಯ ಅಳತೆಯದೇ ಹಳಿ. 1953ರಲ್ಲಿ ಗುಡ್ಡ ಕುಸಿದು ದಾರಿ ಮುಚ್ಚಿತು. ಸರ್ಕಾರ ಇನ್ನು ಸಾಕು ಅಂದಿತು. ಊರವರು ಸಂಘ ಕಟ್ಟಿದರು, ಸೈನಿಕರ ಸಹಾಯ ತೆಗೆದುಕೊಂಡು ಕುಸಿದ ಜಾಗವನ್ನು ಸುತ್ತಿ ಹೊಸ ದಾರಿ ಮಾಡಿದರು. 1962ರಲ್ಲಿ ರೈಲು ಮತ್ತೆ ಓಡಿತು. ನಮ್ಮಲ್ಲಿ 2005ರ ಜುಲೈ 26ರ ಮಳೆ ಮಾಥೇರಾನ್ ಹಳಿಯನ್ನು ಕೊಚ್ಚಿಕೊಂಡು ಹೋಯಿತು. ಆ ರಾತ್ರಿ ನಾನೂ ಕುರ್ಲಾದಲ್ಲಿ ಸೊಂಟದ ನೀರಲ್ಲಿ ನಿಂತಿದ್ದೆ. 2007ರಲ್ಲಿ ನೀವು ಮತ್ತೆ ಓಡಿಸಿದಿರಿ. 2019ರ ಮಳೆ ಮತ್ತೆ ಕೆಡವಿತು, 2022ರ ಅಕ್ಟೋಬರಿನಲ್ಲಿ ಮತ್ತೆ ಕಟ್ಟಿದಿರಿ. ಯಾರೂ ನಿಮಗೆ ಸರಿಯಾಗಿ ಥ್ಯಾಂಕ್ಸ್ ಹೇಳಲಿಲ್ಲ ಅನ್ನಿಸುತ್ತದೆ. ನಾನು ಹೇಳುತ್ತೇನೆ. ಘಾಟಿನಲ್ಲಿ ತಡೆಗೋಡೆ ಕಟ್ಟುವ ಕೆಲಸ ಭಾನುವಾರದ ಸ್ವಯಂಸೇವಕರಿಂದ ಆಗುವಂಥದ್ದಲ್ಲ.

ಇಲ್ಲಿಗೆ ತೊಂದರೆಗಳ ಮಾತು ಬಂತು. ಸುಮ್ನೆ ಹೊಗಳಿ ಕೈ ತೊಳೆದುಕೊಂಡರೆ ನೀವು ಈ ಪತ್ರವನ್ನು ಮಡಚಿ ಇಡುತ್ತೀರಿ, ಅಲ್ವಾ?

ಉಗಿ ಇಂಜಿನ್ ಬಹಳ ಖರ್ಚಿನ ಸಾಕುಪ್ರಾಣಿ. ಬೆಳಿಗ್ಗೆ ಹತ್ತಕ್ಕೆ ಹೊರಡಬೇಕಾದರೆ ಬೆಳಗಿನ ಜಾವವೇ ಬೆಂಕಿ ಹಾಕಬೇಕು. ಆಗಾಗ ಬಾಯ್ಲರ್ ತೊಳೆಯಬೇಕು. ಬ್ರಿಟನ್ನಿನಲ್ಲಿ ಸುಮಾರು ಹತ್ತು ವರ್ಷಕ್ಕೊಮ್ಮೆ ಬಾಯ್ಲರನ್ನೇ ಇಳಿಸಿ, ಬಿಚ್ಚಿ, ಪರೀಕ್ಷೆ ಮಾಡುತ್ತಾರೆ. ಒಂದು ಚಿಕ್ಕ ಸಂಘದ ಹತ್ತು ವರ್ಷದ ಉಳಿತಾಯ ಅಲ್ಲಿಗೆ ಮುಗಿಯುತ್ತದೆ. ಕಲ್ಲಿದ್ದಲಿನ ಕಥೆ ಇನ್ನೂ ಕಷ್ಟ. ವೇಲ್ಸ್‌ನ ದೊಡ್ಡ ಗಣಿ 2023ರಲ್ಲಿ ಮುಚ್ಚಿದ ಮೇಲೆ, ಕಲ್ಲಿದ್ದಲಿನ ಮೇಲೆ ಕೂತಿದ್ದ ನಾಡಿನ ಪುಟಾಣಿ ರೈಲುಗಳು ಹೊರದೇಶದಿಂದ ಕಲ್ಲಿದ್ದಲು ತರಿಸಬೇಕಾಯಿತು. ಕಾನೂನಿನ ಗಂಟೂ ಇದೆ. ನಮ್ಮ ಕಾರ್ಖಾನೆಯ ಬಾಯ್ಲರಿಗೆ 1923ರ ಬಾಯ್ಲರ್ ಕಾಯ್ದೆ ಅನ್ವಯವಾಗುತ್ತಿತ್ತು, ರೈಲ್ವೆಯ ಇಂಜಿನ್ನಿಗೆ ಆ ಕಾಯ್ದೆ ಅನ್ವಯವಾಗುತ್ತಿರಲಿಲ್ಲ. ಅದನ್ನು ನೀವೇ ನೋಡಿಕೊಳ್ಳುತ್ತೀರಿ. ನಿಮ್ಮನ್ನು ನೋಡಿಕೊಳ್ಳುವ ರೈಲ್ವೆ ಸುರಕ್ಷತಾ ಆಯುಕ್ತರು ಇರುವುದು ವಿಮಾನಯಾನ ಸಚಿವಾಲಯದ ಕೆಳಗೆ. ಇದರ ಮಧ್ಯೆ ಒಂದು ಸಂಘ ‘ನಮಗೊಂದು ಇಂಜಿನ್ ಕೊಡಿ’ ಅಂತ ಬಂದರೆ ಅದರ ಫೈಲು ಯಾವ ಟೇಬಲ್ಲಿಗೆ ಹೋಗಬೇಕು? ನೀವು ತಲೆ ಕೆರೆದುಕೊಳ್ಳುವುದು ನನಗೆ ಅರ್ಥವಾಗುತ್ತದೆ.

ಇವೆಲ್ಲಕ್ಕಿಂತ ದೊಡ್ಡ ತೊಂದರೆ ಒಂದಿದೆ. ಅದು ಉಗಿಯದ್ದಲ್ಲ, ಮನುಷ್ಯರದ್ದು. ಅದನ್ನು ಕಲಿಯಲು ನಾನು ವೇಲ್ಸ್‌ಗೆ ಹೋಗಬೇಕಾಗಿರಲಿಲ್ಲ. ನಮ್ಮ ಕನ್ನಡ ಸಂಘದಲ್ಲೇ ಕಲಿತೆ.

ಮುಂಬಯಿ ಕನ್ನಡಿಗರಿಗೆ ಸಂಬಳವಿಲ್ಲದ ದುಡಿಮೆ ಹೊಸದಲ್ಲ. ಹಗಲೆಲ್ಲ ಹೋಟೆಲಿನಲ್ಲಿ ತಟ್ಟೆ ತೊಳೆದ ಹುಡುಗರು ಕೋಟೆ ಕಡೆಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದರು. ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮಿನ ಕರ್ನಾಟಕ ಸಂಘದಿಂದ ಹಿಡಿದು ಉಪನಗರಗಳ ಚಿಕ್ಕಪುಟ್ಟ ಸಂಘಗಳ ತನಕ ಎಲ್ಲವೂ ನಿಂತಿರುವುದು ಆಫೀಸು ಮುಗಿಸಿ ಬಂದು ಕುರ್ಚಿ ಜೋಡಿಸಿದವರ ಬೆನ್ನ ಮೇಲೆ. ನಮ್ಮ ಸಂಘವೂ ಹಾಗೇ. ನಾನು ಖಜಾಂಚಿ. 67 ವರ್ಷ. ಕಮಿಟಿಯಲ್ಲಿ ‘ನೀವು ಯುವಕರು ಓಡಾಡಬೇಕು’ ಅಂತ ನನಗೇ ಹೇಳುತ್ತಾರೆ.

ನಮ್ಮಲ್ಲಿ ಕರಾವಳಿಯವರೇ ಜಾಸ್ತಿ, ಹಾಗಾಗಿ ವರ್ಷಕ್ಕೊಂದು ಯಕ್ಷಗಾನ ಆಗಲೇಬೇಕು. ಅದರ ವೈರಿಂಗ್ ಒಬ್ಬ ಹಿರಿಯರು ಪುಕ್ಕಟೆ ಮಾಡಿಕೊಡುತ್ತಿದ್ದರು. ಒಳ್ಳೆಯ ಜನ. ಆದರೆ ತಂತಿ ಅವರಷ್ಟೇ ಹಳೆಯದು. ಎರಡು ಕಡೆ ತಾಮ್ರ ಕಾಣುತ್ತಿತ್ತು. ನನಗೆ ಕಂಡಿತು, ಇನ್ನೂ ಮೂರು ಜನರಿಗೆ ಕಂಡಿತು. ಯಾರೂ ಬಾಯಿ ಬಿಡಲಿಲ್ಲ. ಪುಕ್ಕಟೆ ಮಾಡುವವರಿಗೆ ಏನು ಹೇಳುವುದು? ಆ ವರ್ಷ ದೇವಿ ಮಹಾತ್ಮೆ. ಸರಿಯಾಗಿ ಮಹಿಷಾಸುರ ಬರುವ ಹೊತ್ತಿಗೆ ಪಟ್ ಅಂತ ಸದ್ದು, ಸುಟ್ಟ ವಾಸನೆ, ಕತ್ತಲೆ. ಮಹಿಷಾಸುರ ಕತ್ತಲಲ್ಲೇ ಕೂಗಿಕೊಂಡು ಬಂದ. ಅದೂ ಆಟದ ಭಾಗ ಅಂದುಕೊಂಡು ಜನ ಚಪ್ಪಾಳೆ ಹೊಡೆದರು. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ಮುಂದಿನ ವರ್ಷ ವೈರಿಂಗ್ ಮಾಡಿದವರು ಯಾರು ಗೊತ್ತೇ? ಅವರೇ. ಅದೇ ತಂತಿ, ಮೇಲೆ ಟೇಪು.

ಸಂಬಳ ತೆಗೆದುಕೊಳ್ಳದವನನ್ನು ಬೈಯುವುದು ಹೇಗೆ? ನಮ್ಮ ಎಲ್ಲ ಸಂಘಗಳ ರೋಗ ಇದೇ. ಲೆಕ್ಕ ಕೇಳಿದರೆ ಅವಮಾನ, ಬೀಗದ ಕೈ ಕೇಳಿದರೆ ಮುನಿಸು. ಕುರ್ಚಿ ಬಿಡಿ ಅಂದರೆ ಸಂಘವೇ ಎರಡು. ಯಕ್ಷಗಾನದ ತಂತಿಗೆ ಇದು ನಡೆಯುತ್ತದೆ, ಬಾಯ್ಲರಿಗೆ ನಡೆಯುವುದಿಲ್ಲ. ಕಾರ್ಖಾನೆಯಲ್ಲಿ ನನಗೆ ಬೈಗುಳ ತಿನ್ನದ ವಾರ ಇರಲಿಲ್ಲ. ಅದಕ್ಕೇ ಹತ್ತೂ ಬೆರಳು ಇವೆ.

ಹೊರದೇಶದವರು ಇದರಲ್ಲಿ ದೇವರಲ್ಲ. ಮೇಲೆ ಹೊಗಳಿದ ಪಫಿಂಗ್ ಬಿಲ್ಲಿಯಲ್ಲೇ, ಮಕ್ಕಳಿಗೆ ಕಿರುಕುಳ ಕೊಟ್ಟ ಒಬ್ಬ ಸ್ವಯಂಸೇವಕನ ಮೇಲಿನ ದೂರುಗಳನ್ನು ವರ್ಷಗಟ್ಟಲೆ ಕಡೆಗಣಿಸಿದ್ದರು ಅಂತ 2018ರಲ್ಲಿ ಅಲ್ಲಿನ ಒಂಬುಡ್ಸ್‌ಮನ್, ಅಂದರೆ ಜನರ ದೂರು ವಿಚಾರಿಸುವ ಅಧಿಕಾರಿ, ವರದಿ ಕೊಟ್ಟರು. ಆಡಳಿತ ಮಂಡಳಿಯಲ್ಲಿ ರಾಜೀನಾಮೆಗಳಾದವು. ಹಳೇ ರೈಲು ಅಂದರೆ ಮಕ್ಕಳು ಬರುವ ಜಾಗ. ‘ಪಾಪ, ಸೇವೆ ಮಾಡೋ ಮನುಷ್ಯ’ ಅಂತ ಹೇಳಿ ಯಾರನ್ನೂ ವಿಚಾರಿಸದೆ ಒಳಗೆ ಬಿಡುವ ಹಾಗಿಲ್ಲ.

ಹಾಗಾಗಿ ನನ್ನ ಬೇಡಿಕೆ ತಲೆಕೆಳಗು. ರೈಲನ್ನು ನಮಗೆ ಕೊಡಿ ಅಂತ ಕೇಳುತ್ತಿಲ್ಲ. ಕೊಟ್ಟರೂ ಬೇಡ. ನಮ್ಮನ್ನು ಬೈಯುವ ಅಧಿಕಾರ ನೀವು ಇಟ್ಟುಕೊಳ್ಳಿ. ನಮಗೆ ಒಂದು ಮೂಲೆಯ ಕೆಲಸ ಕೊಡಿ, ಸರಿ ಮಾಡದಿದ್ದರೆ ಗೇಟಿನ ಹೊರಗೆ ಕಳಿಸಿ.

ಯಾವ ಕೆಲಸ? ನೇರಳ್ ನಿಲ್ದಾಣದ ಹತ್ತಿರ ಹಳೆಯ ಉಗಿ ಇಂಜಿನ್ ನಿಲ್ಲಿಸಿದ್ದೀರಿ. ಕೊಂಕಣದ ಮಳೆಗೆ ನಿಂತ ಕಬ್ಬಿಣಕ್ಕೆ ಬರೀ ಬಣ್ಣ ಸಾಲುವುದಿಲ್ಲ. ಬಣ್ಣದ ಕೆಳಗೇ ತುಕ್ಕು ತಿನ್ನುತ್ತಾ ಹೋಗುತ್ತದೆ. ಕೆರೆದು, ಒರೆಸಿ, ರೆಡ್ ಆಕ್ಸೈಡ್ ಹಚ್ಚಿ, ಆಮೇಲೆ ಬಣ್ಣ. ಹೊಗೆ ಪೆಟ್ಟಿಗೆಯಲ್ಲಿ ನೀರು ನಿಲ್ಲದ ಹಾಗೆ ನೋಡಬೇಕು, ಕೀಲುಗಳಿಗೆ ಗ್ರೀಸ್ ಕೊಡುತ್ತಾ ಇರಬೇಕು. ತಿಂಗಳಿಗೆ ಎರಡು ಭಾನುವಾರ, ಆರು ಜನ, ನಿಮ್ಮ ಒಬ್ಬ ಮೇಲ್ವಿಚಾರಕರು ಸಾಕು. ಅದು ಮತ್ತೆ ಓಡಬೇಕು ಅಂತ ಇಲ್ಲ. ಓಡುವ ಇಂಜಿನ್ನಿನ ಖರ್ಚು ಮೇಲೆಯೇ ಹೇಳಿದೆ.

ಅದಕ್ಕಿಂತ ಅವಸರದ್ದು ಇನ್ನೊಂದು. ಈ ರೈಲಿನಲ್ಲಿ ಮೊದಲು ಬೋಗಿ ಬೋಗಿಗೆ ಬ್ರೇಕ್ ಹಿಡಿಯುವವರು ಇದ್ದರು. ಇಳಿಜಾರಿನಲ್ಲಿ ಇಂಜಿನ್ನಿನ ಸೀಟಿ ಕೇಳಿ ಕೈಯಿಂದ ಬ್ರೇಕ್ ಬಿಗಿಯಬೇಕು, ಸಡಿಲಿಸಬೇಕು. 2016ರಲ್ಲಿ ಬೋಗಿಗಳು ಹಳಿ ತಪ್ಪಿದ ಮೇಲೆ ಏರ್ ಬ್ರೇಕ್ ಬಂತು. ಒಳ್ಳೆಯದೇ ಆಯಿತು. ಆದರೆ ಆ ಕೈಗಳಿಗೆ ಗೊತ್ತಿದ್ದದ್ದು ಎಲ್ಲಿ ಬರೆದಿಟ್ಟಿದೆ? ಯಾವ ತಿರುವಿನಲ್ಲಿ ಎಷ್ಟು ಸುತ್ತು, ಮಂಜು ಬಿದ್ದಾಗ ಎಷ್ಟು? ಆ ಜನ, ಮಳೆಗಾಲದಲ್ಲಿ ಹಳಿ ಕಾದ ಗ್ಯಾಂಗ್‌ಮನ್‌ಗಳು, ಅವರ ಹೆಂಡಿರು ಎಲ್ಲರೂ ನೇರಳ್, ಕರ್ಜತ್ ಸುತ್ತಮುತ್ತಲೇ ಇರಬೇಕು. ಇಂಜಿನ್ ಇನ್ನೂ ನೂರು ವರ್ಷ ಇರುತ್ತದೆ. ಇವರು ಇರುವುದಿಲ್ಲ. ಪಟ್ಟಿ ಕೊಡಿ, ಮೊಬೈಲ್ ಹಿಡಿದುಕೊಂಡು ಮನೆ ಮನೆಗೆ ಹೋಗುವ ಕೆಲಸ ನಮ್ಮದು. ಮರಾಠಿ ನಮಗೆಲ್ಲರಿಗೂ ಬರುತ್ತದೆ.

ನೀವು ಕೇಳಬಹುದಾದ ಪ್ರಶ್ನೆಗಳು ಗೊತ್ತು. ಬೆರಳು ಜಜ್ಜಿದರೆ ಯಾರು ಹೊಣೆ? ವಿಮೆ ನಾವೇ ಮಾಡಿಸುತ್ತೇವೆ, ಅದಿಲ್ಲದೆ ಒಳಗೆ ಬಿಡಬೇಡಿ. ಪುಕ್ಕಟೆ ಕೆಲಸಗಾರರು ಬಂದರೆ ಸಂಬಳದ ಹುದ್ದೆ ಹೋಗುತ್ತದೆ ಅಂತ ಯೂನಿಯನ್ ಹೇಳಬಹುದು. ಅವರ ಭಯ ಸರಿ. ನಾನೂ ಯೂನಿಯನ್ ಚಂದಾ ಕಟ್ಟಿದವನೇ. ಇವತ್ತು ಯಾರಾದರೂ ಸಂಬಳಕ್ಕೆ ಮಾಡುತ್ತಿರುವ ಒಂದೇ ಒಂದು ಕೆಲಸ ನಮಗೆ ಬೇಡ. ಮಾಥೇರಾನ್‌ನಲ್ಲಿ ಕುದುರೆಯವರು, ಹಮಾಲರು ಇದ್ದಾರೆ. ಮೋಟಾರು ಬಿಡದ ಆ ಊರಿನಲ್ಲಿ ಅವರ ಹೊಟ್ಟೆಪಾಡೇ ಕಷ್ಟ. ನಾವು ಹೋಗಿ ಅಲ್ಲಿ ಪುಕ್ಕಟೆ ಗೈಡ್ ಆಗಿ ನಿಂತರೆ ಅವರ ತುತ್ತಿಗೆ ಕೈ ಹಾಕಿದ ಹಾಗೆ. ಅದೂ ಬೇಡ. ಇನ್ನು, ರೈಲ್ವೆಗೆ ಹೊರಗಿನ ಕೈ ಹೊಸದೇನೂ ಅಲ್ಲ. ಜನ ಜಾಸ್ತಿಯಾದ ದಿನ ನಿಲ್ದಾಣಗಳಲ್ಲಿ ನೀರು ಕೊಡುವ, ದಾರಿ ತೋರಿಸುವ ಸ್ಕೌಟ್ಸ್ ಮಕ್ಕಳಿಗೆ ನೀವು ಸಂಬಳ ಕೊಡುವುದಿಲ್ಲವಲ್ಲ. ಆ ಮಕ್ಕಳಿಗೆ ಒಂದು ನಿಯಮ ಇದೆ. ನಮಗೂ ಒಂದು ಪುಟದ ನಿಯಮ ಬರೆಯಿರಿ.

ಈಗ ಸಂಘಗಳವರಿಗೆ. ಪುಣೆಗೆ ಹೋದಾಗ ಕೋಥ್ರೂಡ್‌ನಲ್ಲಿ ಭಾವು ಜೋಶಿಯವರು ಕಟ್ಟಿದ ಪುಟಾಣಿ ರೈಲುಗಳ ಮ್ಯೂಸಿಯಂ ನೋಡಿ ಬನ್ನಿ. 1998ರಿಂದ ಇದೆ, ಒಂದು ಮನೆಯವರ ಹುಚ್ಚಿನಿಂದ ನಡೆದದ್ದು. ನಮ್ಮ ಮಕ್ಕಳು ಸಂಘಕ್ಕೆ ಬರುವುದಿಲ್ಲ ಅಂತ ಪ್ರತಿ ಸಭೆಯಲ್ಲೂ ಅಳುತ್ತೇವೆ. ಬಂದರೆ ಅವರಿಗೆ ಕೊಡುವುದೇನು? ಎರಡು ಗಂಟೆ ಸನ್ಮಾನ, ಶಾಲು, ಹಾರ, ಭಾಷಣ. ಯಾವ ಹದಿನೇಳರ ಹುಡುಗಿ ಬರುತ್ತಾಳೆ? ಟವಿನ್‌ನಲ್ಲಿ ಆ ವಯಸ್ಸಿನವಳು ಮಳೆಯಲ್ಲಿ ಬೈಸಿಕೊಂಡು ಇಂಜಿನ್ ಒರೆಸುತ್ತಿದ್ದಳು. ಅವಳ ಕೈಗೆ ಒಂದು ಕೆಲಸ ಕೊಟ್ಟಿದ್ದರು, ಅದಕ್ಕೇ ಬಂದಿದ್ದಳು. ಹೆಸರು ಕೊಡುವವರು ಡೊಂಬಿವಲಿಯಲ್ಲಿ ನನಗೆ ಸಿಗಿ. ಸಂಘದ ಬ್ಯಾನರ್ ತರಬೇಡಿ. ಅಧ್ಯಕ್ಷರು ಯಾರು ಅಂತ ಕೇಳಬೇಡಿ, ಅಲ್ಲಿ ಅಧ್ಯಕ್ಷರು ರೈಲ್ವೆಯ ಸೂಪರ್‌ವೈಸರ್.

ಅಧಿಕಾರಿಗಳೇ, ಮಳೆಗಾಲ ಮುಗಿದು ನೇರಳ್‌ನಿಂದ ರೈಲು ಮತ್ತೆ ಶುರುವಾಗುವ ಮುಂಚೆ ಒಂದು ಭಾನುವಾರ ಕರೆಯಿರಿ. ಪ್ರಯೋಗ ಅಂತ ಒಂದೇ ದಿನ ಆದರೂ ಸರಿ. ಕರ್ಜತ್ ಲೋಕಲ್ ಹಿಡಿದರೆ ಡೊಂಬಿವಲಿಯಿಂದ ನೇರಳ್ ಮುಕ್ಕಾಲು ಗಂಟೆ. ಟಿಕೆಟ್ ನಾವೇ ತೆಗೆಯುತ್ತೇವೆ. ವೈರ್ ಬ್ರಷ್, ಹಳೇ ಬನಿಯನ್ ಬಟ್ಟೆ, ಕೈಗವಸು ನನ್ನ ಚೀಲದಲ್ಲಿವೆ. ಸೀಮೆಎಣ್ಣೆ ಮಾತ್ರ ರೈಲಿನಲ್ಲಿ ತರುವ ಹಾಗಿಲ್ಲ ಅಂತ ನಿಮ್ಮದೇ ನಿಯಮ. ಅದನ್ನು ನೀವೇ ಕೊಡಬೇಕು.

ಇಂತಿ,
ಒಬ್ಬ ನಿವೃತ್ತ ಬಾಯ್ಲರ್ ಅಟೆಂಡೆಂಟ್,
ಡೊಂಬಿವಲಿ ಪೂರ್ವ